ಒಲೆ ಹಚ್ಚದ ಮೊದಲ ದಿನ

ನಮ್ಮ ಕೊಟ್ಟೂರಿನ ಓಣಿಗೆ ಯಾರಾದರೂ ಹೊಸದಾಗಿ ಬಾಡಿಗೆಗೆ ಬಂದರೆ ಅವರು ಅಂದು ಒಲೆ ಹಚ್ಚುವಂತಿರಲಿಲ್ಲ. ಲಾರಿಯಿಂದ ಸಾಮಾನು ಇಳಿಯುವಷ್ಟರಲ್ಲಿ ಎದುರುಮನೆಯಿಂದ ಒಂದು ಕೊಡ ನೀರು, ಪಕ್ಕದ ಮನೆಯಿಂದ ಬಿಸಿ ರೊಟ್ಟಿ, ಪುಂಡಿಪಲ್ಲೆ, ಹಿಂದಿನ ಮನೆಯ ಸಾಬರ ಅಜ್ಜಿಯಿಂದ ಒಂದು ತಂಬಿಗೆ ಚಹಾ ಬರುತ್ತಿತ್ತು. ಜೊತೆಗೆ ಪ್ರಶ್ನೆಗಳು ಪುಕ್ಕಟೆ: ಯಾವೂರು, ಯಾರ ಪೈಕಿ, ಮಕ್ಕಳೆಷ್ಟು, ಯಾಕೆ ಇಷ್ಟೇ. ಬಂದ ಪಾತ್ರೆಯನ್ನು ಖಾಲಿ ತಿರುಗಿಸಬಾರದು, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಹೊಸಬರು ತಾವಾಗಿ ಯಾರ ಹೊಸ್ತಿಲೂ ತುಳಿಯುವುದಿಲ್ಲ, ಮೊದಲು ಓಣಿಯವರೇ ಬರಬೇಕು. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ಹುಟ್ಟಿದಾಗಿನಿಂದ ನೋಡಿದ್ದೆ ಅಷ್ಟೆ.

ಇಷ್ಟು ತಿಳಿವಳಿಕೆ ಕಟ್ಟಿಕೊಂಡು ನಾನು ಜರ್ಮನಿಗೆ ಹೋದೆ.

ತೊಂಬತ್ತರ ದಶಕದ ಕೊನೆ ಅದು. ನನ್ನ ಗಂಡ ಹೊಸಪೇಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಯಂತ್ರ ಕೂರಿಸುವ ಕೆಲಸದಲ್ಲಿದ್ದರು. ಆ ಯಂತ್ರ ತಯಾರಾಗುವ ಜರ್ಮನಿಯ ಊರಿಗೇ, ಮೊದಲು ಅಲ್ಲಿನ ಭಾಷೆ ಕಲಿಸಿ, ಅವರನ್ನು ಎರಡು ವರ್ಷಕ್ಕೆ ಕಳಿಸಿದರು. ಕೆಲಸ ಹಿಡಿಸಿದರೆ ಅಲ್ಲೇ ಕಾಯಂ ಎಂಬ ಮಾತೂ ಇತ್ತು. ಅವರ ಜೀವವೆಲ್ಲ ಆ ಮಾತಿನ ಮೇಲೆಯೇ. ಊರು ದೊಡ್ಡ ಪಟ್ಟಣವೂ ಅಲ್ಲ, ಹಳ್ಳಿಯೂ ಅಲ್ಲ, ಹೆಚ್ಚುಕಡಿಮೆ ನಮ್ಮ ಹರಪನಹಳ್ಳಿಯಷ್ಟಿತ್ತು. ಒಂದು ಚರ್ಚು, ಒಂದು ಚೌಕ, ಶನಿವಾರದ ಸಂತೆ, ಊರು ದಾಟಿದರೆ ಮೆಕ್ಕೆಜೋಳದ ಹೊಲ. ಆ ಮೆಕ್ಕೆಜೋಳ ನೋಡಿ ನನಗೆ ಧೈರ್ಯ ಬಂತು. ಹೋಗಲಿ, ಇಲ್ಲೂ ಬಾಳ್ವೆ ಮಾಡಬಹುದು ಅಂದುಕೊಂಡೆ.

ನಾಲ್ಕಾರು ಮನೆಗಳಿದ್ದ ಒಂದು ಕಟ್ಟಡದಲ್ಲಿ ಮೆಟ್ಟಿಲು ಹತ್ತಿ ಹೋಗುವ ಮನೆ ನಮ್ಮದು. ಮೊದಲ ದಿನ ನಾನು ಒಲೆ ಹಚ್ಚಲಿಲ್ಲ. ನಗಬೇಡಿ. ತಾಟು ತೊಳೆದು ಬೋರಲು ಹಾಕಿದೆ. ಟ್ರಂಕಿನಿಂದ ಶೇಂಗಾ ಚಟ್ನಿಪುಡಿಯ ಡಬ್ಬಿ, ಕರ್ಚಿಕಾಯಿ ಡಬ್ಬಿ ತೆಗೆದಿಟ್ಟೆ, ಬಂದ ಪಾತ್ರೆಗಳಿಗೆ ತುಂಬಿ ಕೊಡಲು. ಹಣೆಗೆ ವಿಭೂತಿ ಹಚ್ಚಿ, ಹೊಸ ಇಳಕಲ್ ಸೀರೆ ಉಟ್ಟು ಕೂತೆ. ನಾಲ್ಕು ವರ್ಷದ ಮಗಳು ಹಸಿವೆಂದು ಅತ್ತಾಗ ಅವಳಿಗೆ ಒಂದು ಕರ್ಚಿಕಾಯಿ ಕೊಟ್ಟು ಸುಮ್ಮನಾಗಿಸಿದೆ.

"ಇದನ್ನೇನು ಕೊಟ್ಟೂರು ಅಂತ ತಿಳ್ಕಂಡಿಯೇನು? ಯಾರೂ ಬರಂಗಿಲ್ಲ ಇಲ್ಲಿ," ಅಂದರು ಗಂಡ.

"ಮನುಷ್ಯರು ಅದಾರಲ್ರಿ? ಬರ್ತಾರ," ಅಂದೆ.

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಸೆರಗು ಸರಿಮಾಡಿಕೊಂಡು ಓಡಿದೆ. ಆದರೆ ಗಂಡ ನನಗಿಂತ ಮೊದಲೇ ಬಾಗಿಲು ತೆರೆದು, ಅದನ್ನೇ ಅಡ್ಡ ಹಿಡಿದು ನಿಂತು, ಯಾರಿಗೋ ಜರ್ಮನ್ನಿನಲ್ಲಿ ಏನೋ ಹೇಳಿ ಮುಚ್ಚಿಬಿಟ್ಟರು.

"ಯಾರ್ರಿ ಅದು?"

"ಮನಿ ತಪ್ಪಿ ಬಂದಿದ್ರು."

ಅಲ್ಲಿಂದ ಮುಂದೆ ಆ ಗಂಟೆ ನಮಗಾಗಿ ಸದ್ದು ಮಾಡಲೇ ಇಲ್ಲ. ಕೆಲವು ವಾರಗಳ ಮೇಲೆ ಬಾಗಿಲ ಹಿಡಿಕೆಗೆ ಯಾರೋ ಏನೋ ನೇತುಹಾಕಿದ್ದು ಕಂಡು ಎದೆ ಹಿಗ್ಗಿತು. ಅಂತೂ ಬಂದರಲ್ಲ! ನೋಡಿದರೆ ಒಂದು ಹಲಗೆ. ಈ ವಾರ ಮೆಟ್ಟಿಲು ಗುಡಿಸುವ ಪಾಳಿ ನಮ್ಮದಂತೆ. ಥೂ ಇವರ, ರೊಟ್ಟಿ ತರಬೇಕಾದ ಕೈಯಲ್ಲಿ ಕಸಬರಿಗೆ ಹಿಡಿಸಿದರಲ್ಲ ಎಂದು ಬೈಯುತ್ತಲೇ ಕೆಳಗಿನವರೆಗೂ ಗುಡಿಸಿ, ಒರೆಸಿದೆ. ಸಿಟ್ಟಿಗೋ, ರೂಢಿಗೋ, ಕೊನೆಗೆ ನಮ್ಮ ಹೊಸ್ತಿಲ ಮುಂದೆ ಅಕ್ಕಿಹಿಟ್ಟಿನಲ್ಲಿ ರಂಗೋಲಿಯನ್ನೂ ಎಳೆದೆ. ಕೆಳಮನೆಯಲ್ಲಿ ಒಬ್ಬಳೇ ಇರುತ್ತಿದ್ದ ಮುದುಕಿ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಗುವಾಗ ಅದನ್ನು ತುಳಿಯದೆ, ಗೋಡೆ ಹಿಡಿದುಕೊಂಡು ಒಂದು ಬದಿಯಿಂದ ದಾಟಿದಳು. ನಾನು ಬಾಗಿಲ ತೂತಿನಿಂದ ನೋಡುತ್ತಿದ್ದೆ. ನಮ್ಮ ಬಾಗಿಲ ಮುಂದೆ ಆಕೆ ಒಂದು ಗಳಿಗೆ ನಿಂತಳು. ಆಮೇಲೆ ತುದಿಗಾಲಲ್ಲಿ ಹೋದಳು.

ಆ ಕಟ್ಟಡದವರೆಲ್ಲ ನಮ್ಮ ಬಾಗಿಲು ದಾಟುವಾಗ ಹೀಗೇ ಕಳ್ಳಹೆಜ್ಜೆ ಇಡುತ್ತಿದ್ದರು. ನಾನು ಎದುರಾದರೆ ತಲೆ ತಗ್ಗಿಸಿ, ಮೆಲ್ಲಗೆ ಒಂದು ನಗೆ ನಕ್ಕು ಸರಿದುಬಿಡುತ್ತಿದ್ದರು. ನನ್ನನ್ನು ಕಂಡರೆ ಇವರಿಗೆ ಅಸಹ್ಯ ಎಂದು ತೀರ್ಮಾನಿಸಿದೆ. ಮಗಳು ಶಿಶುವಿಹಾರಕ್ಕೆ ಹೋಗಿ ಅವರ ಭಾಷೆಯನ್ನು ಪಟಪಟ ಕಲಿತಳು. ನಾನು ಗೋಡೆಯ ಜೊತೆ ಮಾತಾಡುವುದನ್ನು ಕಲಿತೆ. ಭಾನುವಾರವಂತೂ ಊರಿಗೆ ಊರೇ ಸತ್ತಂತೆ. ಸಂತೆ ಗದ್ದಲದಲ್ಲಿ ಬೆಳೆದವಳು ನಾನು, ಜಗಳಕ್ಕಾದರೂ ಒಂದು ಹೆಣ್ಣುಜೀವ ಸಿಗಲಿ ಎಂದು ಹಂಬಲಿಸುತ್ತಿದ್ದೆ.

ಎರಡು ವರ್ಷ ಮುಗಿಯುವಾಗ ಕಾರ್ಖಾನೆಯವರು ಗಂಡನಿಗೆ ಅಲ್ಲೇ ಉಳಿಯಿರಿ ಅಂದರು. ನಾನು ಒಲ್ಲೆ ಅಂದೆ.

"ನೀವು ಇರ್ರಿ. ನಾ ಮಗಳನ್ನ ಕರ್ಕಂಡು ಹೋಗ್ತೀನಿ. ಇನ್ನೊಂದು ವರ್ಷ ಇದ್ರ ನಾ ಹುಚ್ಚಿ ಆಗ್ತೀನಿ."

"ಬಂದ ಭಾಗ್ಯಾನ ಕಾಲಿಲೆ ಒದ್ದಿ ನೀನು," ಅಂದರು. ಸಾಮಾನು ಕಟ್ಟುವವರೆಗೂ ದಿನಾ ಅದೇ ಮಾತು. ತಪ್ಪು ನನ್ನದೇ ಎಂದು ನಾನೂ ನಂಬಿದ್ದೆ.

ಹೊರಡುವ ದಿನ ಕರೆಗಂಟೆ ಸದ್ದಾಯಿತು. ಗಂಡ ಒಳಗೆ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ನಾನೇ ತೆರೆದೆ. ಕೆಳಮನೆಯ ಮುದುಕಿ. ಕೈಯಲ್ಲಿ ಒಂದು ದುಂಡನೆಯ ಬ್ರೆಡ್ಡು, ಪುಟ್ಟ ಮಣ್ಣಿನ ಬಟ್ಟಲಿನಲ್ಲಿ ಉಪ್ಪು. ಆಕೆ ಹೇಳಿದ್ದನ್ನೆಲ್ಲ ಮಗಳು ನನ್ನ ಸೆರಗು ಹಿಡಿದು ನಿಂತು ತಿರುಗಿಸಿ ಹೇಳಿದಳು.

"ಅವ್ವಾ, ಹೊಸಬ್ರು ಬಂದ್ರ ಬ್ರೆಡ್ಡು, ಉಪ್ಪು ಕೊಡ್ತಾರಂತ ಇಲ್ಲಿ. ನಾವು ಬಂದ ಮರುದಿನಾನ ತಂದಿದ್ಳಂತ. ನಿನಗ ಭಾಳ ಹುಷಾರಿಲ್ಲ, ಮಂದಿ ಕಂಡ್ರ ಆಗಂಗಿಲ್ಲ, ಯಾರೂ ಬರಬ್ಯಾಡ್ರಿ ಅಂತ ಅಪ್ಪ ಹೇಳಿದ್ನಂತ. ಎಲ್ರಿಗೂ ಸಪ್ಪಳ ಮಾಡಬ್ಯಾಡ್ರಿ ಅಂತ ಅಕಿನಾ ಹೇಳಿದ್ಳಂತ. ಈಗರ ಆರಾಮಾಗೈತಾ ಅಂತ ಕೇಳ್ತಾಳ."

ಒಳಗೆ ಹಗ್ಗದ ಸದ್ದು ನಿಂತಿತು.

ನಾನು ಬ್ರೆಡ್ಡು ತೆಗೆದುಕೊಂಡೆ. ಉಪ್ಪನ್ನು ಕಾಗದಕ್ಕೆ ಸುರುವಿ, ಬಟ್ಟಲಿಗೆ ಸಕ್ಕರೆ ಹಾಕಿ ಕೊಟ್ಟೆ. ಯಾಕೆಂದು ಆಕೆಗೆ ತಿಳಿಯಲಿಲ್ಲ, ಆದರೂ ಎದೆಗೊತ್ತಿಕೊಂಡು ಹೋದಳು.

"ಅಲ್ರೀ, ನನಗೇನಾಗಿತ್ತು?" ಎಂದು ಗಂಡನನ್ನು ಕೇಳಿದೆ.

ಅವರು ತಲೆ ಎತ್ತಲಿಲ್ಲ. "ಆಕಿ ಮಗ ನಮ್ಮ ಫ್ಯಾಕ್ಟ್ರಿಯಾಗ ಅದಾನ. ನೀ ನೋಡಿದ್ರ ಹಣಿತುಂಬ ವಿಭೂತಿ ಹಚ್ಕಂಡು, ರೊಟ್ಟಿ ತರ್ತಾರಂತ ತಾಟು ತೊಳ್ಕಂಡು ಕುಂತಿದ್ದಿ. ನಾಲ್ಕು ಮಂದಿ ಏನ್ ತಿಳ್ಕಂತಾರ ಅಂತ..."

ಮಾತು ಅಲ್ಲಿಗೇ ಬಿಟ್ಟು ಮತ್ತೆ ಹಗ್ಗ ಎಳೆದರು. ವಿಭೂತಿ ಅವರ ತಾಯಿಯೂ ಹಚ್ಚುತ್ತಿದ್ದರು. ಗಂಡ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಕೊಟ್ಟೂರಿಗೆ ಬಂದು ಬೇರೆ ಓಣಿಯಲ್ಲಿ ಮನೆ ಹಿಡಿದೆವು. ಅಂದು ಒಲೆ ಹಚ್ಚಲಿಲ್ಲ, ಹಚ್ಚಲು ಬಿಡಲೂ ಇಲ್ಲ. ಪಡಸಾಲೆ ತುಂಬ ಹೆಂಗಸರು, ರೊಟ್ಟಿ, ಗದ್ದಲ. ಗಂಡ ಕುರ್ಚಿ ಹಾಕಿಸಿಕೊಂಡು ಫಾರಿನ್ ಕಥೆ ಶುರುಮಾಡಿದರು.

"ಅಲ್ಲಿ ಮಂದಿಗೆ ಕರುಳಾ ಇಲ್ಲರಿ. ಎರಡು ವರ್ಷದಾಗ ಒಬ್ರೂ ನಮ್ಮ ಬಾಗ್ಲಿಗೆ ಬರ್ಲಿಲ್ಲ. ಬೇಕಾದ್ರ ಇಕಿನ್ನ ಕೇಳ್ರಿ."

ಎಲ್ಲರೂ ನನ್ನತ್ತ ತಿರುಗಿದರು.

"ಹೌದ್ರಿ," ಅಂದೆ. "ಬಂದಿರ್ಲಿಲ್ಲ. ನನಗ ಹುಷಾರಿರ್ಲಿಲ್ಲ."