ಇನಾಸ್ ಮಾಮ ಮನೆ ಬಿಟ್ಟ ದೃಶ್ಯ

ಇಂಥ ಕತೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಮೊದಲೆಲ್ಲ ನಾನೇ ಮುಂದಾಗಿ ನಗುತ್ತಿದ್ದೆ. ಮೈಸೂರಿನಲ್ಲಿ ಅಪ್ಪ ಫಿಸಿಕ್ಸ್ ಮೇಷ್ಟ್ರು. ಕಾರಣವಿಲ್ಲದೆ ಎಲೆ ಕೂಡ ಅಲ್ಲಾಡುವುದಿಲ್ಲ ಅಂತ ಹೇಳಿಸಿಕೊಂಡು ಬೆಳೆದವಳು ನಾನು. ಹಾಗಾಗಿ ಇದನ್ನು ನೀವು ನಂಬಲೇಬೇಕು ಅಂತ ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಕೆಲವು ವರ್ಷಗಳ ಹಿಂದಿನ ಮಾತು. ಕುವೈತಿನ ಶರ್ಕ್‌ನಲ್ಲಿ ಒಂದು ಬ್ಯಾಂಕಿನಲ್ಲಿ ನನ್ನ ಕೆಲಸ. ನಾಟಕದ ಹುಚ್ಚಿರುವ ಕೆಲವರು ಸೇರಿ ವರ್ಷಕ್ಕೊಂದು ಕನ್ನಡ ನಾಟಕ ಆಡುತ್ತಿದ್ದೆವು. ಶುಕ್ರವಾರ ಬೆಳಗ್ಗೆ ಅರ್ದಿಯಾದಲ್ಲಿ ಪರಿಚಯದವರೊಬ್ಬರ ಗೋದಾಮಿನ ಮಹಡಿಯಲ್ಲಿ ಪ್ರಾಕ್ಟೀಸ್. ನನಗೆ ಅಭಿನಯ ಬರುವುದಿಲ್ಲ. ಸೈಡ್ ವಿಂಗಿನಲ್ಲಿ ಸ್ಕ್ರಿಪ್ಟ್ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುವ ಪ್ರಾಂಪ್ಟರ್ ನಾನು.

ಆ ವರ್ಷದ ನಾಟಕ ಬರೆದವನು ಸ್ಟ್ಯಾನಿ. ಮಂಗಳೂರಿನವನು, ಇಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಹಳೆಯ ಬೊಂಬಾಯಿಯ ಜಾಝ್ ಕ್ಲಬ್ಬುಗಳ ಕಾಲದ ನಾಟಕ ಅದು. ಸ್ಟ್ಯಾನಿಯ ತಾಯಿಯ ಅಣ್ಣ ಇನಾಸ್ ಅಂಥ ಕ್ಲಬ್ಬುಗಳಲ್ಲಿ ಟ್ರಂಪೆಟ್ ನುಡಿಸುತ್ತಿದ್ದ. ಅಣ್ಣ ತಂಗಿ ಇಬ್ಬರೇ ಒಂದು ಚಾಳಿನ ಕೋಣೆಯಲ್ಲಿದ್ದರು. ಒಂದು ರಾತ್ರಿ ಟ್ರಂಪೆಟ್ ಪೆಟ್ಟಿಗೆ ಹಿಡಿದು ಹೊರಟವನು ಮತ್ತೆ ಬರಲೇ ಇಲ್ಲ. ಹಡಗು ಹತ್ತಿದ ಅಂದರು ಕೆಲವರು. ಸತ್ತ ಅಂದವರೂ ಇದ್ದರು.

ಆ ತಂಗಿ, ಸ್ಟ್ಯಾನಿಯ ತಾಯಿ ಸೆಲಿನ್ ಬಾಯಿ, ಆಗ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದಿದ್ದರು. ಎಂಬತ್ತು ದಾಟಿದ ಹೆಂಗಸು. ನಾಟಕದ ವಿಷಯ ಗೊತ್ತಾದ ದಿನವೇ ಮಗನ ಮೇಲೆ ಹರಿಹಾಯ್ದರಂತೆ. “ಸತ್ತನೋ ಇದ್ದಾನೋ ಗೊತ್ತಿಲ್ಲದವನಿಗೆ ವೇಷ ಹಾಕಿಸಿ ಆಟ ಆಡ್ತೀಯಾ?” ಅಷ್ಟೇ, ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದೂ ಏನು ಬೇಕಾದರೂ ಸೊಸೆ ಶೈಲಾಳ ಮೂಲಕವೇ ಹೇಳಿ ಕಳಿಸುತ್ತಿದ್ದರು.

ಸ್ಟ್ಯಾನಿ ಸೊರಗಿಹೋದ. “ಮಾಮ ಹೋಗುವಾಗ ಕೋಣೆಯಲ್ಲಿ ಇದ್ದದ್ದು ಅಮ್ಮ ಒಬ್ಬಳೇ. ಎಂತ ಆಯ್ತು ಅಂತ ನನಗೆ ಒಂದು ದಿನ ಸಹ ಹೇಳ್ಲಿಲ್ಲ,” ಅಂದ ನನ್ನ ಹತ್ತಿರ. “ಗೊತ್ತಿಲ್ಲದ್ದನ್ನು ನಾನು ಹೇಗೆ ಬರೆಯುವುದು? ಅದಕ್ಕೇ ಕೊನೆಯ ದೃಶ್ಯಕ್ಕೆ ಮಾತೇ ಇಡ್ಲಿಲ್ಲ.” ತಂಗಿ ಮಲಗಿರುತ್ತಾಳೆ, ಇನಾಸ್ ಅವಳನ್ನೊಮ್ಮೆ ನೋಡಿ ಸುಮ್ಮನೆ ಹೊರಟುಹೋಗುತ್ತಾನೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು ಇಷ್ಟೇ.

ಪ್ರದರ್ಶನ ಅಬ್ಬಾಸಿಯಾದ ಒಂದು ಶಾಲೆಯ ಹಾಲಿನಲ್ಲಿ, ಶುಕ್ರವಾರ ಸಂಜೆ. ಹೊರಗೆ ಧೂಳುಗಾಳಿ ಎದ್ದು ಆಕಾಶವೆಲ್ಲ ಕೆಂಪಾಗಿತ್ತು. ಬರುವುದೇ ಇಲ್ಲ ಅಂದಿದ್ದ ಸೆಲಿನ್ ಬಾಯಿಯನ್ನು ಶೈಲಾ ಹೇಗೋ ಒಪ್ಪಿಸಿ ವೀಲ್‌ಚೇರಿನಲ್ಲಿ ಕರೆತಂದಳು. ಕುರ್ಚಿಗಳ ಸಾಲಿನಲ್ಲಿ ಜಾಗವಾಗದೆ ಮುಂದೆ ಒಂದು ಮೂಲೆಯಲ್ಲಿ ನಿಲ್ಲಿಸಿದರು. ಅಲ್ಲಿಂದ ನಾನು ನಿಂತಿದ್ದ ವಿಂಗಿನ ಒಳಗೂ ಕಾಣುತ್ತಿತ್ತು.

ನಾಟಕ ಚೆನ್ನಾಗಿ ಹೋಯಿತು. ಇನಾಸ್ ಆಗಿದ್ದವನು ಪ್ರಕಾಶ್, ದಾವಣಗೆರೆಯ ಸೈಟ್ ಇಂಜಿನಿಯರ್. ಸ್ಪೀಕರಿನಿಂದ ಬರುವ ಸಂಗೀತಕ್ಕೆ ಎರವಲು ಟ್ರಂಪೆಟ್ಟಿನ ಮೇಲೆ ಬೆರಳಾಡಿಸುತ್ತಿದ್ದ. ಜನ ಶಿಳ್ಳೆ ಹೊಡೆದರು. ಕೊನೆಯ ದೃಶ್ಯ ಬಂತು. ಪ್ರಕಾಶ್ ಪೆಟ್ಟಿಗೆ ಎತ್ತಿಕೊಂಡು ನನ್ನ ಕಡೆ ನಡೆದು ಬಂದ. ಇನ್ನೇನು ವಿಂಗಿನೊಳಗೆ ಬರಬೇಕು, ನಿಂತುಬಿಟ್ಟ. ಪ್ರಾಕ್ಟೀಸಿನಲ್ಲಿ ಒಮ್ಮೆಯೂ ಹಾಗೆ ನಿಂತವನಲ್ಲ. ಏನು ಮಾಡಬೇಕೆಂದು ತಿಳಿಯದೆ ನಾನು ಪುಟ ನೋಡಿದೆ. ಹೇಳಿಕೊಡಲು ಅಲ್ಲಿ ಮಾತೇ ಇರಲಿಲ್ಲ.

ಆಗ ನನ್ನ ಎಡಗಡೆ ಯಾರೋ ಮೆಲ್ಲಗೆ ಮಾತಾಡಿದರು. ಗಂಡು ದನಿ. ಕೊಂಕಣಿ ಅಂತ ಗೊತ್ತಾಯಿತು, ಅರ್ಥವಾಗಲಿಲ್ಲ. ಹಿತ್ತಾಳೆ ಉಜ್ಜಿದಾಗ ಬರುತ್ತದಲ್ಲ, ಅಂಥದೊಂದು ವಾಸನೆ. ಸ್ಟ್ಯಾನಿ ಬಂದು ನಿಂತಿದ್ದಾನೆ, ಕೊನೆ ಗಳಿಗೆಯಲ್ಲಿ ಮಾತು ಸೇರಿಸಿದ್ದಾನೆ ಅಂದುಕೊಂಡೆ. ನನಗೊಂದು ಮಾತು ಹೇಳಬಾರದಿತ್ತೇ ಅಂತ ಸಿಟ್ಟೂ ಬಂತು. ಕಣ್ಣು ಪುಟದ ಮೇಲೇ ಇತ್ತು. ಆ ದನಿ ತುಂಡು ತುಂಡಾಗಿ ಹೇಳುತ್ತಿತ್ತು, ಪ್ರಕಾಶ್ ತಿರುಗಿ ನಿಂತು ಹಾಗೆಯೇ ಹೇಳುತ್ತಾ ಹೋದ. ಅವನು ಮುಗಿಸುತ್ತಿದ್ದಂತೆ ಹಾಲಿನಿಂದ ಒಂದು ಹೆಂಗಸಿನ ದನಿ ಕೂಗಿ ಏನೋ ಉತ್ತರ ಕೊಟ್ಟಿತು. ಪ್ರಕಾಶ್ ಒಳಗೆ ಬಂದ. ದೀಪ ಆರಿತು. ಚಪ್ಪಾಳೆ.

“ಅಕ್ಕಾ, ಡೈಲಾಗ್ ಸೇರಿಸೀರಿ ಅಂತ ಮೊದ್ಲೇ ಹೇಳಬಾರ್ದೇನ್ರಿ? ನನ್ನ ಎದಿ ಧಸಕ್ ಅಂತು,” ಅಂದ ಪ್ರಕಾಶ್.

“ನಾನಲ್ಲಪ್ಪ. ಸ್ಟ್ಯಾನಿ,” ಅಂತ ಎಡಕ್ಕೆ ತಿರುಗಿದೆ. ಯಾರೂ ಇರಲಿಲ್ಲ. ಆ ಕಡೆ ಬರೀ ಗೋಡೆ. ಅಲ್ಲಿಗೆ ಬರಬೇಕಾದರೂ, ಹೋಗಬೇಕಾದರೂ ನನ್ನ ಮುಂದೆಯೇ ಹಾಯಬೇಕು.

ಸ್ಟ್ಯಾನಿ ಓಡಿಬಂದ. ಬಂದದ್ದು ಹಾಲಿನ ಹಿಂಭಾಗದಿಂದ. ನಾಟಕದುದ್ದಕ್ಕೂ ಅವನು ಅಲ್ಲಿ ಲೈಟಿನ ಹತ್ತಿರ ಕೂತಿದ್ದ. ಪ್ರಕಾಶನ ಭುಜ ಹಿಡಿದು, “ಆ ಮಾತು ನಿನಗೆ ಯಾರು ಹೇಳಿದ್ದು?” ಅಂದ. ನಾನು ಅರ್ಥ ಕೇಳಿದೆ. “ಸೆಲ್ಲೂ, ಅಗಳಿ ಹಾಕಬೇಡ, ಬೆಳಗ್ಗೆ ಬರ್ತೇನೆ ಅಂತ. ಅಮ್ಮ ಅದಕ್ಕೆ ‘ಹಾಕ್ಲಿಲ್ಲ’ ಅಂದಳು. ಸೆಲ್ಲು ಅಂತ ಅಮ್ಮನನ್ನು ಯಾರೂ ಕರೆದದ್ದು ನಾನು ಕೇಳ್ಲಿಲ್ಲ.”

ನಾವು ಕೆಳಗೆ ಹೋದೆವು. ಸೆಲಿನ್ ಬಾಯಿ ಅಳುತ್ತಿರಲಿಲ್ಲ. ಮಗನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಎಷ್ಟೋ ದಿನಗಳ ನಂತರ ಅವನೊಡನೆ ಮಾತಾಡಿದರು. ಅಣ್ಣ ಹೊರಡುವಾಗ ತನಗೆ ಎಚ್ಚರವಿತ್ತು, ಅಷ್ಟು ಹೇಳಿ ಹೋದವನು ಬಂದೇ ಬರುತ್ತಾನೆ ಅಂತ ಅವನನ್ನು ತಡೆಯಲಿಲ್ಲ, ಆ ಚಾಳಿನಲ್ಲಿ ಇದ್ದಷ್ಟು ದಿನವೂ ಬಾಗಿಲಿಗೆ ಅಗಳಿ ಹಾಕದೆ ಮಲಗುತ್ತಿದ್ದೆ ಅಂದರು. ಮದುವೆಯಾಗಿ ಮಂಗಳೂರಿಗೆ ಬಂದಮೇಲೂ ಅಡಿಗೆಮನೆಯ ಹಿಂಬಾಗಿಲು ಭದ್ರ ಮಾಡಲು ಅಮ್ಮ ಬಿಡುತ್ತಿರಲಿಲ್ಲವಂತೆ. ಅದಕ್ಕಾಗಿ ತಾನೂ ಅಪ್ಪನೂ ಅವಳನ್ನು ಬೈಯುತ್ತಿದ್ದದ್ದನ್ನು ನೆನೆದು ಸ್ಟ್ಯಾನಿ ಗಳಗಳನೆ ಅತ್ತುಬಿಟ್ಟ.

ಆಮೇಲೆ ನಾನು ತಲೆ ಓಡಿಸದೆ ಇರಲಿಲ್ಲ. ಪ್ರಕಾಶ್ ಎಲ್ಲೋ ಕೇಳಿಸಿಕೊಂಡಿರಬಹುದೇ? ಹೇಳಬಲ್ಲವರು ಸೆಲಿನ್ ಬಾಯಿ ಒಬ್ಬರೇ, ಅವರನ್ನು ಅವನು ನೋಡಿದ್ದೇ ಅವತ್ತು. ಅವತ್ತು ತೆಗೆದ ವಿಡಿಯೋದಲ್ಲಿ ಅವನ ದನಿ ಸ್ಪಷ್ಟವಾಗಿದೆ. ಅವನಿಗೆ ಹೇಳಿಕೊಟ್ಟ ದನಿ ಇಲ್ಲ. ಅವನ ಕೋಟಿಗೆ ಸಿಕ್ಕಿಸಿದ್ದ ಮೈಕಿಗೆ ಅಷ್ಟು ಮೆಲ್ಲಗಿನ ಪಿಸುಮಾತು ಕೇಳಿಸುವುದಿಲ್ಲ ಅಂತ ಸಮಾಧಾನ ಹೇಳಿಕೊಂಡೆ. ಆದರೆ ಕೇಳಿಸಿಕೊಂಡವಳು ನಾನೂ ಇದ್ದೆನಲ್ಲ.

ಸೆಲಿನ್ ಬಾಯಿ ಊರಿಗೆ ಹೊರಡುವ ಮುಂಚೆ ನೋಡಿಬರಲು ಹೋದೆ. ಶೈಲಾ ಚಾ ಮಾಡಲು ಒಳಗೆ ಹೋದಾಗ ಧೈರ್ಯ ಮಾಡಿ ಕೇಳಿದೆ. “ಅಮ್ಮ, ಪ್ರಕಾಶ್ ಮಾತಾಡಿದ್ದು ನಿಮ್ಮ ಅಣ್ಣನ ಹಾಗೇ ಇತ್ತಾ?”

“ಆ ಹುಡುಗನಾ?” ಅಂದರು, ಅವನನ್ನು ಮರೆತೇಬಿಟ್ಟಿದ್ದವರ ಹಾಗೆ. “ನಾನು ಉತ್ತರ ಕೊಟ್ಟದ್ದು ಅವನಿಗೆ ಅಲ್ಲ.” ಆಮೇಲೆ ನನ್ನ ಮುಖವನ್ನೇ ನೋಡುತ್ತಾ, ತುಸು ಆಶ್ಚರ್ಯದಿಂದ ಕೇಳಿದರು. “ನೀವು ಅಣ್ಣನ ಪಕ್ಕದಲ್ಲೇ ನಿಂತಿದ್ದದ್ದಲ್ವಾ? ನೀವು ನೋಡ್ಲಿಲ್ವಾ?”

ಪುಟದ ಮೇಲಿದ್ದ ಕಣ್ಣನ್ನು ಆಗಲೇ ಒಂದು ಸಲ ಎಡಕ್ಕೆ ಹೊರಳಿಸಿದ್ದರೆ ಏನು ಕಾಣುತ್ತಿತ್ತೋ, ತಿಳಿಯದು. ಯಾಕೆ ಹೊರಳಿಸಲಿಲ್ಲ ಅನ್ನುವುದೂ ನನಗೆ ತಿಳಿಯದು.