ಅಕ್ಕನ ದವಡೆ

ಪರದೇಶದಲ್ಲಿ ಹಲ್ಲಪ್ಪನಿಗೆ ಬಂಧುಬಳಗ ಎಂದು ಇದ್ದದ್ದು ಒಂದು ಜೊತೆ ಪ್ಲಾಸ್ಟರಿನ ದವಡೆ ಮಾತ್ರ. ಅದು ಅವನ ಅಕ್ಕನದು. ಬಾಡಿಗೆ ಕೋಣೆಯ ಕಿಟಕಿಕಟ್ಟೆಯ ಮೇಲೆ, ಧೂಳು ಕೂರದಂತೆ ಕರವಸ್ತ್ರ ಹೊದ್ದು ಕೂತಿರುತ್ತಿತ್ತು. ಕೋಣೆ ಹಂಚಿಕೊಂಡಿದ್ದ ಹೋಟೆಲಿನ ಅಡುಗೆಯವನು ಬಂದ ಮೊದಲ ದಿನವೇ ಆ ಬಟ್ಟೆ ಸರಿಸಿ ನೋಡಿ ಹೌಹಾರಿದ್ದ.

"ಯಾರದಯ್ಯಾ ಇದು?"

"ನಮ್ಮಕ್ಕಂದು."

"ಎಲ್ಲರೂ ಮನೆಯವರ ಫೋಟೋ ಇಟ್ಕೋತಾರೆ. ನೀನೊಬ್ಬ ದವಡೆ ಇಟ್ಕೊಂಡಿದ್ದೀಯಲ್ಲೋ ಮಾರಾಯ!"

ಹಲ್ಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಹಲ್ಲಿನ ಸೆಟ್ಟು ಮಾಡುವ ಕೆಲಸ ಕಲಿತ ಮೇಲೆ ಗೆಳೆಯರು ಅಂಟಿಸಿದ್ದು. ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಕಳಿಸುತ್ತಾರೆ. ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಎಬ್ಬಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಕೊನೆಗೆ ಗುಲಾಬಿ ಬಣ್ಣದ ವಸಡು ಕಟ್ಟಿ ಉಜ್ಜಿ ಹೊಳಪು ಕೊಡಬೇಕು. ಹಲ್ಲು ಹಾಕಿಸಿಕೊಂಡವರು ಡಾಕ್ಟರಿಗೆ ಕೈಮುಗಿದು ಹೋಗುತ್ತಾರೆ. ನೆಲಮಾಳಿಗೆಯಲ್ಲಿ ಕೂತವನ ಮುಖ ಯಾರು ಕಂಡರು? ಅದೇನು ಅವನಿಗೆ ದೊಡ್ಡ ದುಃಖವಾಗಿರಲಿಲ್ಲ, ಬಿಡಿ. ದುಃಖ ಬೇರೆಯೇ ಇತ್ತು.

ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಸಾಕಿದವಳು ಅಕ್ಕ. ಊಟದ ಹೊತ್ತಿಗೆ ಬಾಯಿ ಬಿಗಿಹಿಡಿದು ಹಟ ಮಾಡುವ ಹುಡುಗನನ್ನು ಸೊಂಟದ ಮೇಲೆ ಕೂರಿಸಿಕೊಂಡು, "ಆ ಅನ್ನು ಮರಿ, ಆ ಅನ್ನು" ಎಂದು ಬೀದಿಯೆಲ್ಲ ಸುತ್ತಿ ತುತ್ತು ಇಟ್ಟವಳು. ಗಟ್ಟಿ ಸೀಬೆಕಾಯಿ ಕಚ್ಚುವುದೆಂದರೆ ಅವಳಿಗೆ ಪ್ರಾಣ. ಅಂಥವಳಿಗೆ ವಸಡಿನ ರೋಗ ಬಂದು, ಮುದುಕಿಯಾಗುವ ಮುಂಚೆಯೇ ಹಲ್ಲೆಲ್ಲ ಕೀಳಿಸಬೇಕಾಯಿತು. "ಕಂಡವರು ಮಾಡಿದ ಹಲ್ಲು ನನಗೆ ಬೇಡ. ನನ್ನ ತಮ್ಮ ಕಟ್ಟಿ ಕೊಡ್ತಾನೆ" ಎಂದು ಬೀದಿಗೆಲ್ಲ ಸಾರಿದಳು.

ಅಷ್ಟರಲ್ಲೇ ಅವನಿಗೆ ಕೆಲಸದ ವೀಸಾ ಬಂತು. ತಕ್ಷಣ ಹೊರಡಬೇಕಿತ್ತು. ಹೊರಡುವ ಮುನ್ನಾದಿನ ಅವಳ ಬಾಯಿಗೆ ಅಚ್ಚಿನ ಹಿಟ್ಟು ಒತ್ತಿ, "ಅಲ್ಲಿ ಒಳ್ಳೊಳ್ಳೇ ಸಾಮಾನು ಸಿಗುತ್ತಂತೆ ಅಕ್ಕ. ಮೊದಲನೇ ರಜೆಗೆ ಬರುವಾಗ ನಾನೇ ತಂದು ಕೂರಿಸ್ತೀನಿ" ಎಂದ.

ಮೊದಲನೇ ರಜೆ ಬರಲೇ ಇಲ್ಲ. ವೀಸಾ ಯಜಮಾನನ ಕೈಲಿತ್ತು. ಊರಿಗೆ ಹೋಗಿಬರುತ್ತೇನೆ ಎಂದರೆ ಆತ ಬೇಡ ಎನ್ನುತ್ತಿರಲಿಲ್ಲ, ತಿರುಗಿ ಬಂದಾಗ ಕೆಲಸ ಇರುತ್ತದೆ ಎಂದೂ ಹೇಳುತ್ತಿರಲಿಲ್ಲ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಕಾಯಂ ವಾಸದ ಪರವಾನಗಿಯ ಆಸೆಗೂ ಎಳ್ಳುನೀರು. ಹೀಗೆ ಬಾಯಿ ಮುಚ್ಚಿಕೊಂಡು ಏಳು ವರ್ಷ ಕಂಡವರ ಬಾಯಿ ತಿದ್ದಿದ. ಹಲ್ಲನ್ನು ಅಂಚೆಯಲ್ಲಿ ಕಳಿಸು ಎಂದು ಅಡುಗೆಯವನು ಹೇಳಿದ್ದುಂಟು. ಕೂರಿಸುವವನು ಎದುರಿಗಿಲ್ಲದೆ ಹಲ್ಲು ಕಳಿಸಬಾರದು ಎಂದು ಹಲ್ಲಪ್ಪ ಜಂಭದಿಂದ ಅಂದಿದ್ದ.

ಅಡುಗೆಯವನೂ ಬೇರೆ ಊರಿನಲ್ಲಿ ಕೆಲಸ ಸಿಕ್ಕಿ ಹೊರಟುಹೋದ. ಆಮೇಲೆ ಕೋಣೆಯಲ್ಲಿ ಇವನು, ಕುಕ್ಕರು, ದವಡೆ. ಸಂಜೆ ತಟ್ಟೆ ಹಿಡಿದು ಕಿಟಕಿಯ ಪಕ್ಕ ಕೂತು, "ಇವತ್ತೂ ಉಪ್ಪು ಜಾಸ್ತಿ ಕಣಕ್ಕ" ಎಂದು ಪ್ಲಾಸ್ಟರಿಗೆ ಹೇಳುತ್ತಿದ್ದ. ಭಾನುವಾರ ಬಂದರೆ ಯಾರಾದರೂ ತನ್ನನ್ನು ಹೆಸರು ಹಿಡಿದು ಕರೆದಾರೆಯೇ ಎಂದು ಅಂಗಡಿ ಬೀದಿಯಲ್ಲಿ ಸುಮ್ಮನೆ ಅಲೆಯುತ್ತಿದ್ದ. ಯಾರು ಕರೆಯುತ್ತಾರೆ, ಪಾಪ.

ಅಕ್ಕ ಮಾತ್ರ ತಪ್ಪದೆ ವಿಡಿಯೋ ಕರೆ ಮಾಡುತ್ತಿದ್ದಳು. ಬೋಳು ಬಾಯಿ ತೋರಿಸಲು ನಾಚಿಕೆ. ಅಂಗೈ ಅಡ್ಡ ಹಿಡಿದೇ ಮಾತು.

"ಕೈ ತೆಗಿ ಅಕ್ಕ, ಮುಖ ನೋಡ್ತೀನಿ."

"ಹಲ್ಲು ತಂದು ಕೊಡು, ಆಮೇಲೆ ನೋಡುವೆಯಂತೆ."

"ಎಲ್ಲಾ ಬಿಟ್ಟು ಬಂದುಬಿಡಲಾ?"

"ಹುಚ್ಚಾ! ಕಾಯಂ ಆಗ್ಲಿ, ಆಮೇಲೆ ಬಾ. ಈ ಬಾಯಿ ಎಲ್ಲಿಗೆ ಹೋಗುತ್ತೆ?"

ಒಂದು ದಿನ ಪರವಾನಗಿ ಬಂದೇಬಿಟ್ಟಿತು. ಇನ್ನು ಅವನು ಯಾವ ಯಜಮಾನನ ಮುಲಾಜಿಗೂ ಬೀಳಬೇಕಿಲ್ಲ. ಹೋಗಬಹುದು, ಬರಬಹುದು, ಸಾಯುವ ತನಕ ಇರಬಹುದು. ಸಿಹಿ ಹಂಚೋಣವೆಂದು ಕೊಂಡ ಡಬ್ಬಿಯನ್ನು ಹಂಚಲು ಯಾರೂ ಸಿಗದೆ, ಕಿಟಕಿಯ ಪಕ್ಕ ಕೂತು ಒಬ್ಬನೇ ತಿಂದ.

ಮರುದಿನವೇ ಅಕ್ಕನ ಹಲ್ಲಿಗೆ ಕೂತ. ಅಷ್ಟು ಮುತುವರ್ಜಿಯಿಂದ ಅವನು ಯಾವ ಸಾಹುಕಾರನಿಗೂ ಮಾಡಿರಲಿಲ್ಲ. ಅಕ್ಕನ ಮುಂದಿನ ಹಲ್ಲು ಒಂದು ಪಕ್ಕದ್ದರ ಮೇಲೆ ಚೂರು ಹತ್ತಿಕೊಂಡಿರುತ್ತಿತ್ತು. ಅದನ್ನೂ ಹಾಗೇ ಓರೆಯಾಗಿ ನಿಲ್ಲಿಸಿದ. ಅದೇ ಬೆಳಿಗ್ಗೆ ಯಾವುದೋ ಡಾಕ್ಟರು ಮೂರು ತಿಂಗಳ ಹಿಂದಿನ ಅಚ್ಚು ಕಳಿಸಿದ್ದರು. ಹಲ್ಲು ಕಿತ್ತ ಮೇಲೆ ವಸಡು ಕುಗ್ಗುತ್ತಾ ಹೋಗುತ್ತದೆ, ಈ ಅಚ್ಚು ನಡೆಯುವುದಿಲ್ಲ, ಹೊಸದು ಕಳಿಸಿ ಎಂದು ಬರೆದು ವಾಪಸು ಕಳಿಸಿದವನು ಇವನೇ. ಚೀಟಿ ಅಂಟಿಸಿ, ಕೈ ತೊಳೆದು, ಏಳು ವರ್ಷದ ಹಿಂದಿನ ಅಕ್ಕನ ದವಡೆಯನ್ನು ಎದುರಿಗೆ ಎಳೆದುಕೊಂಡ. ಅವನ ತಲೆಗೆ ಹೊಳೆಯಲೇ ಇಲ್ಲ ನೋಡಿ. ದಿನವೂ ಜೊತೆಗೆ ಕೂತು ಉಂಡದ್ದು ಹಳತಾಗಿದೆ ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

ಊರಿಗೆ ಬಂದಿಳಿದ. ಬಾಗಿಲಲ್ಲೇ ಅಕ್ಕ ಅಂಗೈ ಅಡ್ಡ ಹಿಡಿದು ನಿಂತಿದ್ದಳು. ತಲೆ ಪೂರಾ ಬೆಳ್ಳಗಾಗಿತ್ತು. ಒಳಗೆ ಕೂರಿಸಿ ಮೆಲ್ಲಗೆ ಕೈ ಸರಿಸಿದ. ಕೆನ್ನೆ ಒಳಗೆ ಹೋಗಿ, ಗದ್ದ ಮುಂದೆ ಬಂದು, ಅದು ಅವನು ಬಲ್ಲ ಮುಖವಾಗಿರಲಿಲ್ಲ. ಅದನ್ನು ತೋರಗೊಡದೆ ಹಲ್ಲು ಕೂರಿಸಿದ. ಅಕ್ಕ ಕನ್ನಡಿ ನೋಡಿ ನಕ್ಕಳು. ನಕ್ಕದ್ದೇ ತಡ, ಮೇಲಿನ ಸೆಟ್ಟು ಜಾರಿ ಮಡಿಲಿಗೆ ಬಿತ್ತು. ಇನ್ನೊಮ್ಮೆ ಕೂರಿಸಿದ, ಇನ್ನೊಮ್ಮೆ ಬಿತ್ತು. ಕೆಳಗಿನದಂತೂ ನಾಲಿಗೆ ಆಡಿದತ್ತ ತೇಲುತ್ತಿತ್ತು.

ಅಕ್ಕ ಬಟ್ಟಲಲ್ಲಿ ಸೀಬೆಕಾಯಿ ಹೆಚ್ಚಿಟ್ಟುಕೊಂಡಿದ್ದಳು, ಇವನು ಬಂದ ಕೂಡಲೇ ಕಚ್ಚಿ ತೋರಿಸಲೆಂದು. ಅದನ್ನು ಕಂಡು ಹಲ್ಲಪ್ಪನಿಗೆ ತಡೆಯಲಾಗಲಿಲ್ಲ.

"ತಪ್ಪು ನಂದೇ ಅಕ್ಕ. ಹಳೇ ಅಚ್ಚು ನಡೆಯಲ್ಲ ಅಂತ ಊರಿಗೆಲ್ಲ ಹೇಳೋನು ನಾನೇ."

"ಹೋಗ್ಲಿ ಬಿಡು. ನಾನು ಹಾಗೇ ಇದ್ದೀನಿ ಅಂದ್ಕೊಂಡಿದ್ದೀಯಲ್ಲ, ಅಷ್ಟು ಸಾಕು" ಎಂದು ಅವನ ತಲೆ ಸವರಿದಳು.

ಸಂಜೆ ಪೇಟೆಯ ಹಲ್ಲಿನ ಡಾಕ್ಟರ ಬಳಿ ಕಾಡಿಬೇಡಿ ಅಚ್ಚಿನ ಹಿಟ್ಟು, ಅದನ್ನು ತುಂಬಿ ಬಾಯಿಗಿಡುವ ತಟ್ಟೆ ತಂದ. ನೀರು ಹಾಕಿ ಕಲಸಿ ಅವಳ ಮುಂದೆ ಕೂತ.

"ಹೊಸ ಅಚ್ಚು ತಗೊಂಡು ಹೋಗ್ತೀನಿ. ಹೋದ ತಕ್ಷಣ ಮಾಡ್ಕೊಂಡು ಬರ್ತೀನಿ. ಈಗ ಕಾಯಂ ಆಗಿದೆಯಲ್ಲ, ಯಾವಾಗ ಬೇಕಾದ್ರೂ ಬರಬಹುದು. ಬಾಯಿ ತೆಗಿ."

ಅಕ್ಕ ಬಾಯಿ ತೆಗೆಯಲಿಲ್ಲ.

"ಒಂದು ದವಡೆ ಕೊಟ್ಟಿದ್ದಕ್ಕೆ ಅದರ ಜೊತೆಗೇ ಇದ್ದುಬಿಟ್ಟೆ ನೀನು. ಇನ್ನೊಂದು ಕೊಡಲ್ಲ ಮರಿ. ಬೇಕಾದ್ರೆ ಇಲ್ಲೇ ಕೂತು ಮಾಡು" ಎಂದಳು, ತುಟಿ ಬಿಗಿಹಿಡಿದಳು.

ಹಿಟ್ಟು ಗಟ್ಟಿಯಾಗುತ್ತಾ ಬಂತು. ಹಲ್ಲಪ್ಪ ಒಂದು ಕೈಲಿ ತಟ್ಟೆ ಹಿಡಿದು, ಇನ್ನೊಂದು ಕೈಲಿ ಅವಳ ಗದ್ದ ಹಿಡಿದು, "ಆ ಅನ್ನು ಅಕ್ಕ, ಆ ಅನ್ನು" ಎಂದು ಅಂಗಲಾಚಿದ. ಅಕ್ಕ ಕಣ್ಣು ತುಂಬಿಕೊಂಡು, ತುಟಿ ಸಡಿಲಿಸದೆ, ಒಲ್ಲೆ ಒಲ್ಲೆ ಎಂದು ತಲೆಯಾಡಿಸುತ್ತಲೇ ಇದ್ದಳು.