ಎಲ್ಲಾ ಬರುತ್ತೆ ಸಾರ್

ಹದಿನಾರು ವರ್ಷದ ಕಾರಿಗೆ ಟಚ್ ಸ್ಕ್ರೀನ್ ಹಾಕಿಸಲು ಹೊರಟವನನ್ನು ಜನ ನೋಡುವ ರೀತಿಯೇ ಬೇರೆ. ಅಜ್ಜನಿಗೆ ಜೀನ್ಸ್ ಪ್ಯಾಂಟು ಹೊಲಿಸಲು ಬಂದವನನ್ನು ದರ್ಜಿ ನೋಡುವ ಹಾಗೆ ನೋಡುತ್ತಾರೆ. "ಈ ಗಾಡಿಗಾ ಸಾರ್?" ಎಂದು ಒಮ್ಮೆ ಕೇಳುತ್ತಾರೆ. ನಾನು ಹೌದು ಎಂದ ಮೇಲೆ ಕಾರಿಗೆ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಮತ್ತೆ ಕೇಳುತ್ತಾರೆ: "ಇದಕ್ಕೇನಾ?" ಒಂದು ತಿಂಗಳು ಬನಶಂಕರಿ, ಬಿಟಿಎಂ, ಜೆ.ಪಿ. ನಗರ ಅಂತ ಅಲೆದು ಈ ಒಂದೇ ಪ್ರಶ್ನೆಗೆ ಉತ್ತರ ಕೊಟ್ಟು ನನ್ನ ನಾಲಿಗೆ ಸವೆದುಹೋಯಿತು.

ಹಾಡು ಕೇಳುವ ಚಪಲದಿಂದ ಹೊರಟೆ ಎಂದು ತಿಳಿಯಬೇಡಿ. ಕಾರಿನಲ್ಲಿದ್ದ ಹಳೆಯ ಸ್ಟೀರಿಯೊ ಯಾವತ್ತೋ ಒಂದು ಸಿ.ಡಿ. ನುಂಗಿ ಇವತ್ತಿನವರೆಗೂ ವಾಪಸು ಕೊಟ್ಟಿಲ್ಲ. ಅದರ ಬಗ್ಗೆ ನನಗೇನೂ ದೂರಿರಲಿಲ್ಲ. ನನಗೆ ಬೇಕಾಗಿದ್ದದ್ದು ರಿವರ್ಸ್ ತೆಗೆದುಕೊಳ್ಳುವಾಗ ಕಾರಿನ ಹಿಂದೆ ಏನಿದೆ ಎಂದು ತೋರಿಸುವ ಕ್ಯಾಮೆರಾ. ಕ್ಯಾಮೆರಾ ಕಂಡದ್ದು ನಮಗೆ ಕಾಣಬೇಕಾದರೆ ಮುಂದೆ ಪರದೆ ಇರಬೇಕು. ಪರದೆ ಇರಬೇಕಾದರೆ ಸ್ಟೀರಿಯೊ ಬದಲಾಗಬೇಕು. ಇಷ್ಟಕ್ಕೂ ಆ ಕ್ಯಾಮೆರಾ ಯಾಕೆ ಬೇಕಾಯಿತು ಎನ್ನುವುದನ್ನು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೇಳಲು ಎಂಟು ತಿಂಗಳು ಧೈರ್ಯ ಸಾಲದೆ ಹೋದ ವಿಷಯ ಅದು.

ನನ್ನ ಹೆಂಡತಿ ರತ್ನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತಿಯಾದ ತಿಂಗಳೇ ನಮ್ಮ ಹನುಮಂತನಗರದ ಡ್ರೈವಿಂಗ್ ಸ್ಕೂಲು ಸೇರಿ, ಎಂಟು ಹಾಕಿ ತೋರಿಸಿ, ಲೈಸೆನ್ಸು ತಂದಳು. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಬುಧವಾರ ಬಂತೆಂದರೆ ಬಿಳೇಕಹಳ್ಳಿಯ ಅಕ್ಕನ ಮನೆಗೆ ಒಬ್ಬಳೇ ಹೋಗಿ ಬರುತ್ತಿದ್ದಳು. ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬಂದವರ ಮುಖ ಹೇಗಿರುತ್ತದೆ ಎಂದು ನಿಮಗೆ ಗೊತ್ತು. ಇವಳು ಮಾತ್ರ ಸಿನಿಮಾ ನೋಡಿ ಬಂದ ಕಾಲೇಜು ಹುಡುಗಿಯ ಹಾಗೆ ಬರುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕಾರನ್ನು ರಿವರ್ಸಿನಲ್ಲಿ ಗೇಟಿನೊಳಗೆ ತರುತ್ತಿದ್ದಳು. ನಾನು ಒಳಗೆ ನಿಂತು, ನಮ್ಮ ಊರಿನ ಪದ್ಧತಿಯಂತೆ, ಕೈ ಬೀಸುತ್ತ "ಬರ್ಲಿ, ಬರ್ಲಿ" ಎನ್ನುತ್ತಿದ್ದೆ. ಬೆಂಗಳೂರಿನಲ್ಲಿ ಕಾರೊಂದು ಹಿಂದಕ್ಕೆ ಸರಿಯುತ್ತಿದೆ ಎಂದರೆ ಯಾರಾದರೂ ಬಂದು "ಬರ್ಲಿ ಬರ್ಲಿ" ಎನ್ನಲೇಬೇಕು. ಗುರುತು ಪರಿಚಯ ಏನೂ ಬೇಕಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ, "ಸಾರ್, ನಮ್ಮನೇಲಿ ಪ್ಲಂಬರ್ ಕೆಲ್ಸ ಮುಗೀತು. ನಿಮ್ಮನೆಗೂ ಕಳಿಸ್ಲಾ?" ಎಂದರು. ನಮ್ಮ ಸಿಂಕು ಕಟ್ಟಿಕೊಂಡು ವಾರವಾಗಿತ್ತು. ನಾನು ಆನಂದದಿಂದ ಅವರ ಕಡೆ ತಿರುಗಿ, "ಬರ್ಲಿ, ಬರ್ಲಿ! ಧಾರಾಳವಾಗಿ ಬರ್ಲಿ!" ಎಂದೆ.

ಕಾರು ಧಾರಾಳವಾಗಿಯೇ ಬಂತು. ಗೇಟಿನ ಕಂಬಕ್ಕೆ ತಗುಲಿ ಹಿಂದಿನ ದೀಪ ಪುಡಿಯಾಯಿತು. ಬಂಪರು ಒಂದು ಕಡೆ ಜೋತು ಬಿತ್ತು. ರತ್ನ ಇಳಿದು ಬಂದು ಬೆಪ್ಪಾಗಿ ನಿಂತಳು. ಆಗ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ಮೈ ಕುಗ್ಗುತ್ತದೆ. "ಸ್ವಲ್ಪ ನೋಡ್ಕೊಂಡು ಬರಬಾರ್ದಿತ್ತಾ?" ಎಂದೆ.

ಪಕ್ಕದ ಮನೆಯವರು ಒಳಗೆ ಹೋಗಿಬಿಟ್ಟಿದ್ದರು. ಸಾಕ್ಷಿ ಯಾರೂ ಇರಲಿಲ್ಲ. "ನಂಗೆ ಅಂದಾಜೇ ಸಿಗಲ್ಲ ಬಿಡಿ ರೀ. ಈ ವಯಸ್ಸಿಗೆ ಇದೆಲ್ಲ ಬೇಕಿರ್ಲಿಲ್ಲ" ಎಂದು ಹೇಳಿ ರತ್ನ ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದಳು. ಅದಾದ ಮೇಲೆ ಅದನ್ನು ಮುಟ್ಟಲೇ ಇಲ್ಲ. ಬುಧವಾರ ಬಂದರೆ ಎರಡು ಬಸ್ಸು ಬದಲಾಯಿಸಿ ಅಕ್ಕನ ಮನೆಗೆ ಹೋಗತೊಡಗಿದಳು. ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು. ಇನ್ನೊಬ್ಬರ ತಪ್ಪು ಮೈಲಿ ದೂರದಿಂದ ಕಾಣುವ ನನಗೆ ನನ್ನ ಒಂದೇ ಒಂದು ತಪ್ಪನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ. ಹೇಳುವ ಬದಲು ಕ್ಯಾಮೆರಾ ಕೊಡಿಸೋಣ ಎಂದುಕೊಂಡೆ. ಗಂಡಸರು ಸಾಮಾನ್ಯವಾಗಿ ಹೀಗೆಯೇ ಕ್ಷಮೆ ಕೇಳುವುದು, ಕೇಳದೆ, ಏನಾದರೊಂದು ಸಾಮಾನು ತಂದಿಟ್ಟು.

ಈ ಸಾಮಾನು ಮಾತ್ರ ನನ್ನನ್ನು ಚೆನ್ನಾಗಿ ಅರೆಯಿತು. ಮೊದಲನೆಯ ಅಂಗಡಿ ಬನಶಂಕರಿಯದು. ಏಳು ಇಂಚು ಬೇಕಾ, ಒಂಬತ್ತು ಬೇಕಾ, ಹತ್ತು ಬೇಕಾ ಎಂದರು. ಎರಡು ಪ್ಲಸ್ ಮೂವತ್ತೆರಡಾ, ನಾಲ್ಕು ಪ್ಲಸ್ ಅರವತ್ನಾಲ್ಕಾ ಎಂದರು. ಕೂಡಿದರೆ ಎಷ್ಟಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುವುದನ್ನು ಕಂಡು, ಅದು ಮೆಮೊರಿ ಸಾರ್ ಎಂದರು. ನನ್ನ ಮೆಮೊರಿ ಅಲ್ಲಿಗೆ ಕೈಕೊಟ್ಟಿತು. ಮನೆಗೆ ಬಂದು ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಒಬ್ಬ ಒಂಬತ್ತು ಇಂಚಿಗಿಂತ ಕಡಿಮೆಯದು ಹಾಕಿಸಬೇಡಿ ಎನ್ನುತ್ತಾನೆ. ಇನ್ನೊಬ್ಬ ಹಳೆಯ ಗಾಡಿಗೆ ಒಂಬತ್ತು ಹಾಕಿಸುವವನಷ್ಟು ದಡ್ಡ ಇಲ್ಲ ಎನ್ನುತ್ತಾನೆ. ಇಬ್ಬರೂ ಕೊನೆಗೆ ನಮ್ಮ ಚಾನೆಲ್ಲಿಗೆ ಸೇರಿ, ಗಂಟೆ ಒತ್ತಿ ಎನ್ನುತ್ತಾರೆ. ಬೆಳಗಿನ ವಾಕಿಂಗಿನಲ್ಲಿ ಪಾರ್ಕಿನ ಗೆಳೆಯರನ್ನು ಕೇಳಿದೆ. ಅಲ್ಲಿ ಒಬ್ಬರಿಗೂ ಅಂಥ ಪರದೆ ಇರಲಿಲ್ಲ, ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

ಆದರೆ ನಿಜವಾಗಿ ನನ್ನ ತಲೆ ಚಿಟ್ಟು ಹಿಡಿಸಿದ್ದು ಒಂದು ಕ್ರಿಯಾಪದ. ಅಂಗಡಿಯವರನ್ನು ಏನು ಕೇಳಿದರೂ "ಬರುತ್ತೆ" ಎನ್ನುತ್ತಾರೆ. ಕ್ಯಾಮೆರಾ? ಬರುತ್ತೆ ಸಾರ್. ಮ್ಯಾಪು? ಬರುತ್ತೆ. ಡ್ಯಾಶ್‌ಬೋರ್ಡ್ ಕೊಯ್ಯಬೇಕಾಗುತ್ತದೆಯೇ? ಸ್ವಲ್ಪ ಕಟಿಂಗ್ ಬರುತ್ತೆ. ನೋಡಿ, ಕೊಯ್ಯುವವನು ಅವನೇ, ಗರಗಸ ಅವನ ಕೈಯಲ್ಲೇ ಇದೆ. ಆದರೂ ಕಟಿಂಗ್ ಎನ್ನುವುದು ನೆಂಟರ ಹಾಗೆ ತಾನಾಗಿ ಬರುತ್ತದೆ! ನಮ್ಮ ಭಾಷೆಯೇ ಹಾಗೆ. ಮಳೆ ಬರುತ್ತದೆ, ಜ್ವರ ಬರುತ್ತದೆ, ಸಿಟ್ಟು ಬರುತ್ತದೆ, ನಿದ್ದೆ ಬರುತ್ತದೆ. ನಾವು ಮಾಡಿದ್ದು ಏನೂ ಇಲ್ಲ, ಎಲ್ಲವೂ ತಾವಾಗಿ ನಮ್ಮ ಬಳಿಗೆ ಬಂದವು. ವಿದ್ಯೆಯೂ ಅಷ್ಟೇ. ಈಜು ಬರುತ್ತದೆ, ಸಂಗೀತ ಬರುತ್ತದೆ, ಲೆಕ್ಕ ಬರುತ್ತದೆ. ಇದರಲ್ಲಿ ಒಂದು ವಿನಯವಿದೆ ಎಂದು ನಾನು ಎಷ್ಟೋ ಜನರಿಗೆ ವಿವರಿಸಿದ್ದೇನೆ. ತಪ್ಪಿಸಿಕೊಳ್ಳಲು ಒಳ್ಳೆಯ ಕಿಂಡಿಯೂ ಇದೆ ಎನ್ನುವುದು ಈಚೆಗೆ ಹೊಳೆಯಿತು.

ಬಿಟಿಎಂನ ಅಂಗಡಿಯಲ್ಲಿ "ಇದಕ್ಕೆ ಕನ್ನಡ ಬರುತ್ತಾ?" ಎಂದು ಕೇಳಿದೆ. "ಬರುತ್ತೆ ಸಾರ್, ಎಲ್ಲಾ ಬರುತ್ತೆ" ಎಂದು ಆತ ಪರದೆ ಒತ್ತಿ ತೋರಿಸಿದ. ಕನ್ನಡವೇನೋ ಬಂತು. ಒತ್ತಕ್ಷರ ಮಾತ್ರ ಬರಲಿಲ್ಲ. ರಸ್ತೆ ಇರಬೇಕಾದ ಕಡೆಯೆಲ್ಲ 'ರಸ್‌ತೆ' ಎಂದಿತ್ತು. ಮುಖ್ಯರಸ್ತೆ ಇನ್ನೂ ನುಚ್ಚುನೂರಾಗಿತ್ತು. ಕರಡು ತಿದ್ದಿದ ಕೈ ತಡೆಯದೆ ಪರದೆಯ ಮೇಲೆ ಬೆರಳಿಟ್ಟು, ಇಲ್ಲಿ ಒತ್ತು ಬೇಕು ಎಂದೆ. "ಜೋರಾಗಿ ಒತ್ತಬಾರ್ದು ಅಂಕಲ್, ಟಚ್ ಹೋಗ್ಬಿಡುತ್ತೆ" ಎಂದು ಆತ ನನ್ನ ಕೈಯನ್ನು ಮೆಲ್ಲಗೆ ತೆಗೆದಿಟ್ಟ. ಒತ್ತು ಕೇಳಿದ್ದಕ್ಕೆ ಒತ್ತಬೇಡ ಎನ್ನಿಸಿಕೊಂಡು ಹೊರಗೆ ಬಂದೆ.

ಮೂರನೆಯದು ಜೆ.ಪಿ. ನಗರದ ಅಂಗಡಿ. ಅಲ್ಲಿಗೆ ರತ್ನಳನ್ನೂ ಬಲವಂತವಾಗಿ ಕರೆದುಕೊಂಡು ಹೋಗಿದ್ದೆ. ಮಾಲೀಕರು ಹತ್ತು ಇಂಚಿನದನ್ನು ಎತ್ತಿ ಹಿಡಿದು, "ಸಖತ್ತಾಗಿ ಕೂರುತ್ತೆ ಸಾರ್" ಎಂದರು. ಅದನ್ನು ಜೋಡಿಸಬೇಕಾದವರು ಬಸವರಾಜ ಎಂಬ ಫಿಟ್ಟರು, ಹಾವೇರಿ ಕಡೆಯವರು. ಅವರು ಟೇಪು ಹಿಡಿದು ಅಳೆದು ತಲೆಯಾಡಿಸಿದರು. "ಕೂಡೂದಿಲ್ರೀ ಸರ. ಹಟಾ ಮಾಡಿ ಕೂಡ್ಸಿದ್ರ ಎಸಿ ಗಾಳಿ ಸ್ಕ್ರೀನಿಗೇ ಬಡಿತೈತಿ. ನಿಮಗ ಬರೂದಿಲ್ಲ."

ಒಂದು ತಿಂಗಳಲ್ಲಿ ನನ್ನ ಕಿವಿಗೆ ಬಿದ್ದ ಮೊದಲ "ಬರೂದಿಲ್ಲ" ಅದು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವರು ಏನು ಹೇಳುತ್ತಾರೋ ಅದನ್ನೇ ಹಾಕಿ ಎಂದುಬಿಟ್ಟೆ. ಏಳು ಇಂಚಿನದು, ಕೊಯ್ಯದೆ ಕೂರುವಂಥದ್ದು. ಬಸವರಾಜ ಡ್ಯಾಶ್‌ಬೋರ್ಡ್ ಬಿಚ್ಚಿ ಕೆಲಸಕ್ಕಿಳಿದರು. ಮಾಲೀಕರು ನಮಗೆ ಕಾಫಿ ತರಿಸಿ ಲೋಕಾಭಿರಾಮ ಶುರುಮಾಡಿದರು.

"ಗಾಡಿ ಯಾರು ಓಡಿಸೋದು ಸಾರ್?"

"ಇವರಿಗೆ ಅಂತಾನೇ ಹಾಕಿಸ್ತಿರೋದು" ಎಂದು ನಾನು ರತ್ನಳ ಕಡೆ ತೋರಿಸಿದೆ.

"ಓ! ಮೇಡಂಗೆ ಡ್ರೈವಿಂಗ್ ಬರುತ್ತಾ?"

ನಾನು ಬಾಯಿ ತೆರೆಯುವ ಮೊದಲೇ ರತ್ನ ಹೇಳಿದಳು. "ಬರ್ತಿತ್ತು."

ಕರಡು ತಿದ್ದುವವನಿಗೆ ಕಾಲಪಲ್ಲಟ ತಟ್ಟನೆ ಕಣ್ಣಿಗೆ ಬೀಳುತ್ತದೆ. 'ಬರುತ್ತೆ' ಇರಬೇಕಾದ ಜಾಗದಲ್ಲಿ 'ಬರ್ತಿತ್ತು'. ಅವಳು ಅದನ್ನು ಬೇಸರದಿಂದಲೂ ಹೇಳಲಿಲ್ಲ. ಮೊದಲು ಗುಂಗುರು ಕೂದಲಿತ್ತು ಎಂದ ಹಾಗೆ, ಮುಗಿದುಹೋದ ಸಂಗತಿಯಂತೆ ಹೇಳಿ ಕಾಫಿ ಕುಡಿದಳು. ನಾನು ನನ್ನ ಲೋಟವನ್ನು ಹಾಗೆಯೇ ಕೆಳಗಿಟ್ಟೆ. ಆ ಕ್ರಿಯಾಪದವನ್ನು ಭೂತಕಾಲಕ್ಕೆ ತಳ್ಳಿದವನು ನಾನು, ಅದೂ ಕಟ್ಟಿಕೊಂಡ ಒಂದು ಸಿಂಕಿನ ಸಲುವಾಗಿ.

ಕೆಲಸ ಮುಗಿಯಿತು. ರಿವರ್ಸ್ ಗೇರು ಹಾಕಿದರೆ ಪರದೆಯಲ್ಲಿ ಹಿಂದಿನ ಬೀದಿ ಮೂಡುತ್ತದೆ. ಅದರ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು. "ಅಮ್ಮಾರ, ಒಮ್ಮೆ ನೀವ ಹಿಂದಕ್ಕ ತಗೊಂಡ್ ನೋಡ್ರಿ" ಎಂದರು ಬಸವರಾಜ. ರತ್ನ ಸಂಕೋಚಕ್ಕೆ ಡ್ರೈವರ್ ಸೀಟಿನಲ್ಲಿ ಕೂತಳು. ನಾನು ಪಕ್ಕದಲ್ಲಿ ಕೂತೆ. ಹಿಂದೆ ಒಂದು ಆಟೊ, ಒಂದು ಎಳನೀರಿನ ಗಾಡಿ, ನಡುವೆ ಬೇಕಾದಷ್ಟು ಜಾಗ, ಎಲ್ಲವೂ ಬಣ್ಣದಲ್ಲಿ ಕಾಣುತ್ತಿತ್ತು. ಗೇರಿನ ಮೇಲೆ ಕೈಯಿಟ್ಟವಳು ಹಾಗೆಯೇ ಕೂತಿದ್ದಳು. "ನೀವೇ ತಗೊಳ್ಳಿ ರೀ. ಕಾಣ್ಸುತ್ತೆ, ಆದ್ರೆ ನಂಗೆ ನನ್ಮೇಲೆ ನಂಬ್ಕೆ ಇಲ್ಲ" ಎಂದಳು.

ಒಂದು ತಿಂಗಳ ಅಲೆದಾಟ, ಇಂಚು, ಪ್ಲಸ್ಸು, ವಿಡಿಯೊ ಎಲ್ಲ ಸೇರಿ ತಂದುಕೊಟ್ಟದ್ದು ಇಷ್ಟೇ. ಬೇಕಾಗಿದ್ದದ್ದು ಪರದೆಯಲ್ಲ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಅಂಗಡಿ ಅಂಗಡಿ ತಿರುಗುತ್ತಿದ್ದೆ, ಅಷ್ಟೆ. ಇನ್ನು ತಡೆಯಲಾಗಲಿಲ್ಲ. ಕಣ್ಣನ್ನು ಆ ಎಳನೀರಿನ ಗಾಡಿಯ ಮೇಲೆ ನೆಟ್ಟು ಎಲ್ಲವನ್ನೂ ಹೇಳಿದೆ. ಪಕ್ಕದ ಮನೆಯವರು, ಸಿಂಕು, ನಾನು ತಿರುಗಿದ್ದು, ಕೂಗಿದ್ದು.

ರತ್ನ ಗೇರಿನಿಂದ ಕೈ ತೆಗೆದು ನನ್ನ ಕಡೆ ತಿರುಗಿದಳು. ಆಮೇಲೆ ಲೆಕ್ಕದ ಮೇಷ್ಟ್ರಮ್ಮನ ದನಿಯಲ್ಲಿ ಕೇಳಿದಳು.

"ಧಾರಾಳವಾಗಿ ಬರ್ಲಿ ಅಂದಿದ್ದು ಪ್ಲಂಬರ್‌ಗಾ?"

"ಹೂಂ."

"ನಂಗಲ್ಲ?"

"ನಿನಗಲ್ಲ."

"ಎಂಟು ತಿಂಗಳು ರೀ! ಎಂಟು ತಿಂಗಳಿಂದ ನಂಗೆ ಕಣ್ಣಂದಾಜು ಹೋಯ್ತು, ವಯಸ್ಸಾಯ್ತು ಅಂತ ಕೊರಗ್ತಿದೀನಿ. ಕಣ್ಣಿನ ಡಾಕ್ಟರ್ ಹತ್ರ ಬೇರೆ ಹೋಗಿ ಬಂದೆ. ನೀವೇ ಕರ್ಕೊಂಡು ಹೋಗಿದ್ರಿ!"

ಅದನ್ನು ನಾನು ನಿಮಗೂ ಹೇಳಿರಲಿಲ್ಲ. ಹೌದು, ಕರೆದುಕೊಂಡು ಹೋಗಿದ್ದೆ. ಕಣ್ಣು ಚೆನ್ನಾಗಿದೆ ಎಂದು ಡಾಕ್ಟರು ಹೇಳಿದಾಗ "ಹಾಗಾದ್ರೆ ಇನ್ನೇನು ಕಾರಣ?" ಎಂದು ಅವಳು ಕೇಳಿದ್ದಳು. ನಾನು ಗೋಡೆಯ ಮೇಲಿನ ಅಕ್ಷರದ ಪಟ್ಟಿಯನ್ನು ಓದುತ್ತ ಕೂತಿದ್ದೆ.

"ಇಳೀರಿ" ಎಂದಳು.

"ಎಲ್ಲಿಗೆ?"

"ಕೆಳಗೆ."

ಇಳಿದೆ. ಬಾಗಿಲು ಹಾಕಿಕೊಂಡಿತು, ಎಂಜಿನ್ನು ಶುರುವಾಯಿತು. ಅಂಗಡಿಯ ಮಾಲೀಕರು ಉತ್ಸಾಹದಿಂದ ಕಾರಿನ ಹಿಂದಕ್ಕೆ ಓಡಿ, ಕೈಯೆತ್ತಿ "ಬರ್ಲಿ..." ಎಂದರು. ನಾನು ಅವರ ತೋಳು ಹಿಡಿದು ಎಳೆದು, "ಸುಮ್ನಿರಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದೆ. ಅವರು ಬಿಟ್ಟ ಬಾಯಿ ಬಿಟ್ಟಂತೆ ನಿಂತರು. ಕಾರು ಆಟೊಗೂ ಎಳನೀರಿಗೂ ತಾಕದೆ ಹಿಂದೆ ಸರಿದು, ತಿರುಗಿ, ಇಂಡಿಕೇಟರ್ ಹಾಕಿಕೊಂಡು ಮುಖ್ಯರಸ್ತೆ ಸೇರಿತು. ನನ್ನನ್ನು ಹತ್ತಿಸಿಕೊಳ್ಳಲು ನಿಲ್ಲುತ್ತದೆ ಎಂದು ನಾನೂ ಮಾಲೀಕರೂ ಸ್ವಲ್ಪ ಹೊತ್ತು ಕಾದೆವು. ನಿಲ್ಲಲಿಲ್ಲ. "ಅಮ್ಮಾರಿಗ ಚಲೋ ಬರ್ತೈತಲ್ರೀ" ಎಂದರು ಬಸವರಾಜ.

ಬಸ್ಸಿನಲ್ಲಿ ನಿಂತುಕೊಂಡೇ ಮನೆಗೆ ಬಂದೆ. ಅವಮಾನವಾಗಬೇಕಿತ್ತು. ಆಗಿದ್ದು ಸಂತೋಷ. ಎಂಟು ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದದ್ದು ಸರಾಗವಾಗಿ ಇಳಿದುಹೋಗಿತ್ತು. ಮನೆ ತಲುಪಿದಾಗ ಕಾರು ಆಗಲೇ ಗೇಟಿನೊಳಗೆ ಹಿಮ್ಮುಖವಾಗಿ, ಗೆರೆ ಹೊಡೆದ ಹಾಗೆ ನೆಟ್ಟಗೆ ನಿಂತಿತ್ತು. ರತ್ನ ವರಾಂಡದಲ್ಲಿ ಕೂತು ಅಕ್ಕನ ಜೊತೆ ಫೋನಿನಲ್ಲಿ ನಗುತ್ತಿದ್ದಳು. ಪ್ಲಂಬರ್ ಎಂಬ ಮಾತು ಎರಡು ಮೂರು ಸಲ ಕೇಳಿಸಿತು. ಫೋನು ಇಟ್ಟ ಮೇಲೆ ನಾನು ಮೆಲ್ಲಗೆ, "ಕ್ಯಾಮೆರಾ ಅನುಕೂಲ ಆಯ್ತಾ?" ಎಂದೆ.

"ಅದನ್ನ ಯಾರು ನೋಡಿದ್ರು? ಕನ್ನಡಿ ಸಾಕಾಯ್ತು" ಎಂದಳು. ಮತ್ತೆ, "ಬುಧವಾರ ಅಕ್ಕನ ಮನೆಗೆ ಹೋಗ್ತಿದೀನಿ. ನೀವೂ ಬರೋದಾದ್ರೆ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ" ಎಂದಳು.

ಈಗ ಎಲ್ಲ ಬುಧವಾರವೂ ಹಾಗೆಯೇ ಹೋಗಿಬರುತ್ತೇವೆ. ಅವಳು ರಿವರ್ಸ್ ಗೇರು ಹಾಕಿದಾಗ ಆ ಪರದೆ ಬೆಳಗುತ್ತದೆ. ಹಸಿರು, ಹಳದಿ, ಕೆಂಪು ಗೆರೆಗಳು ಮೂಡುತ್ತವೆ. ಅವಳು ಅತ್ತ ತಿರುಗಿಯೂ ನೋಡುವುದಿಲ್ಲ. ಅಷ್ಟು ಅಲೆದು ಆರಿಸಿ ತಂದ ಆ ಪರದೆಯನ್ನು ನೋಡುವವನು ನಾನೊಬ್ಬನೇ, ಹಿಂದಿನ ಸೀಟಿನಿಂದ, ಬಾಯಿ ಮುಚ್ಚಿಕೊಂಡು.